ಬಿನಾಕಾ ಗೀತಮಾಲಾ ಶುರುವಾಗಿದ್ದು ವಿವಿಧ ಭಾರತಿಯಲ್ಲಲ್ಲ

ರೇಡಿಯೋ ನಿರೂಪಕ ಅಮೀನ್ ಸಯಾನಿ ಅವರನ್ನು ನೆನೆಯುವ ವಾಟ್ಸಾಪ್ ಸಂದೇಶವೊಂದು ಓಡಾಡುತ್ತಿದೆ. ಅವರ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ 1952ರಲ್ಲಿ ಆಕಾಶವಾಣಿಯ ವಿವಿಧ ಭಾರತಿಯಲ್ಲಿ ಶುರುವಾಯಿತು ಅಂತ ಅದರಲ್ಲಿದೆ. ತಪ್ಪು. ವಿವಿಧ ಭಾರತಿ ಹುಟ್ಟಿದ್ದೇ 1957ರಲ್ಲಿ, ಅಲ್ವಾ?

ಶುರುವಾದ ವರ್ಷ 1952 ಅನ್ನೋದು ಸರಿ, ಆದರೆ ಕಾರ್ಯಕ್ರಮ ಬರುತ್ತಿದ್ದದ್ದು ಶ್ರೀಲಂಕಾದ ರೇಡಿಯೋ ಸಿಲೋನ್‌ನಿಂದ. ಆಗಿನ ಪ್ರಸಾರ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದ್ರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅವು ಹೆಚ್ಚುಕಡಿಮೆ ನಿಂತೇ ಹೋಗಿದ್ದವು. ಕೇಳುಗರು ಸುಮ್ನೆ ಕೂರುತ್ತಾರಾ? ಮುಳ್ಳನ್ನು ಸಿಲೋನ್ ಕಡೆ ತಿರುಗಿಸಿದರು. ಸಯಾನಿ ಬೊಂಬಾಯಿಯಲ್ಲಿ ‘ಬೆಹನೋ ಔರ್ ಭಾಯಿಯೋ’ ಅಂತ ರೆಕಾರ್ಡ್ ಮಾಡುತ್ತಿದ್ದರು (ಅಕ್ಕತಂಗಿಯರೇ ಮೊದಲು, ಗಮನಿಸಿ). ಟೇಪು ಕೊಲಂಬೋಗೆ ಹೋಗಿ, ಬುಧವಾರ ರಾತ್ರಿ ಶಾರ್ಟ್‌ವೇವ್‌ನ ಗೊರಗೊರ ಸದ್ದಿನ ನಡುವೆ ಅವರ ದನಿ ಕೇಳುತ್ತಿತ್ತು.

ವಿವಿಧ ಭಾರತಿಗೆ ಅದು ಬಂದದ್ದು 1989ರಲ್ಲಿ. ಸಯಾನಿ ತೀರಿಕೊಂಡದ್ದು 2024ರ ಫೆಬ್ರವರಿ 20ರಂದು. ಸಂದೇಶದಲ್ಲಿ ಅದು ಸರಿಯಾಗಿಯೇ ಇದೆ.