ಸುಳ್ಳಿಗೂ ಒಂದು ಮಾನ ಇತ್ತು, ಸ್ವಾಮಿ

1987ರ ಮೇ ತಿಂಗಳು. ಅಮೆರಿಕದ ನ್ಯೂಜೆರ್ಸಿಯಲ್ಲಿ ಪೊಲೀಸರು ಹೆದ್ದಾರಿಯಲ್ಲಿ ಒಂದು ಕಾರು ತಡೆದರು. ಒಳಗೆ ಇಬ್ಬರು ದಢೂತಿ ಆಸಾಮಿಗಳು, ಜತೆಗೆ ಒಂದಿಷ್ಟು ಮಾದಕ ವಸ್ತು. ಒಬ್ಬರು ಅಮೆರಿಕದ ಬಾವುಟ ಹಿಡಿದು ರಿಂಗಿಗೆ ಬರುತ್ತಿದ್ದ ಜಿಮ್ ಡಗ್ಗನ್, ಇನ್ನೊಬ್ಬರು ಅಮೆರಿಕದ ಹೆಸರೆತ್ತಿದರೆ ಥೂ ಎನ್ನುತ್ತಿದ್ದ ಐರನ್ ಶೇಕ್. ಇಬ್ಬರನ್ನೂ ಟೀವಿ ಕುಸ್ತಿಗೆ ಇಳಿಸುತ್ತಿದ್ದ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಕಂಪನಿ ಇಬ್ಬರನ್ನೂ ಮನೆಗೆ ಕಳಿಸಿತು. ಆ ಧಂಧೆಯವರ ಕಣ್ಣಲ್ಲಿ ಮಾದಕ ವಸ್ತುವಿಗಿಂತ ಘೋರವಾದ ಅಪರಾಧ ಬೇರೆಯೇ ಇತ್ತು. ರಿಂಗಿನಲ್ಲಿ ಒಬ್ಬರ ರಕ್ತ ಒಬ್ಬರು ಕುಡಿಯಬೇಕಾದವರು ಒಂದೇ ಕಾರಿನಲ್ಲಿ ಹರಟುತ್ತಾ ಹೋಗುವುದೆಂದರೇನು? ಟಿಕೆಟ್ ಕೊಂಡವರು ಏನಂದುಕೊಂಡಾರು? (ಸದನದಲ್ಲಿ ತೋಳೇರಿಸಿ, ಸಂಜೆ ಒಂದೇ ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವ ನಮ್ಮವರಿಗೆ ಈ ಕಾನೂನು ತಂದರೆ ಬೆಳಗಾವಿ ಅಧಿವೇಶನಕ್ಕೆ ಕೋರಂ ಸಿಗಲಿಕ್ಕಿಲ್ಲ.)

ಈ ಆಟದಲ್ಲಿ ಬುಕಿಂಗ್ ಅಂದರೆ ಯಾರ ಮೇಲೆ ಯಾರನ್ನು ಬಿಡಬೇಕು, ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂದು ಮೊದಲೇ ಗೊತ್ತು ಮಾಡುವುದು. ಮೈಸೂರು ದಸರಾ ಕುಸ್ತಿಗೂ ಮುಂಚೆ ಜೋಡಿ ಕಟ್ಟುತ್ತಾರೆ. ಆದರೆ ಅಲ್ಲಿ ಜೋಡಿ ಕಟ್ಟಿ ಸುಮ್ಮನಾಗುತ್ತಾರೆ. ಇವರು ಫಲಿತಾಂಶವನ್ನೂ ಸೇರಿಸಿ ಗಂಟು ಹಾಕುತ್ತಾರೆ. ಹಿಂದೆಯೂ ಹಾಗೆಯೇ ಇತ್ತು, ಈಗಲೂ ಹಾಗೆಯೇ ಇದೆ. ನನ್ನ ತಕರಾರು ಸುಳ್ಳಿನ ಬಗ್ಗೆ ಅಲ್ಲ, ಸುಳ್ಳು ಹೇಳುವುದರಲ್ಲಿ ಬಂದಿರುವ ಸೋಮಾರಿತನದ ಬಗ್ಗೆ.

ಹಿಂದಿನವರು ಪಟ್ಟ ಪಾಡು ನೋಡಿ. ಹಲ್ಕ್ ಹೋಗನ್ 1984ರಿಂದ ನಾಲ್ಕು ವರ್ಷ ಚಾಂಪಿಯನ್. ಅವರ ಸೊಂಟದಿಂದ ಬೆಲ್ಟ್ ಬಿಚ್ಚಬೇಕು, ಆದರೆ ಅವರು ನ್ಯಾಯವಾಗಿ ಸೋಲಬಾರದು. ಏನು ಮಾಡುವುದು? ಡೇವ್ ಹೆಬ್ನರ್ ಎಂಬ ರೆಫರಿಗೆ ಅರ್ಲ್ ಎಂಬ ಅವಳಿ ಸಹೋದರ ಇದ್ದ, ನಿಜವಾಗಿಯೂ ಇದ್ದ. ಅವನನ್ನು ಕರೆತಂದರು. 1988ರ ಫೆಬ್ರವರಿಯಲ್ಲಿ ಹೋಗನ್ ನೆಲದಿಂದ ಭುಜ ಎತ್ತಿದ್ದರೂ ರೆಫರಿ ಸೋಲಿನ ಮೂರು ಎಣಿಸಿ, ಬೆಲ್ಟನ್ನು ಆಂಡ್ರೆ ದಿ ಜೈಂಟ್‌ಗೆ ಕೊಡಿಸಿಬಿಟ್ಟ. ಅಷ್ಟರಲ್ಲಿ ಅದೇ ಮುಖದ ಇನ್ನೊಬ್ಬ ರೆಫರಿ ಓಡಿಬಂದ! ಒಂದು ಮೋಸ ತೋರಿಸಲು ಒಡಹುಟ್ಟಿದ ಅವಳಿಯನ್ನೇ ಹುಡುಕಿ ತರುವವರ ಮುಂದೆ ಪ್ರೇಕ್ಷಕನಿಗೆ ಮೋಸಹೋಗುವುದೂ ಒಂದು ಗೌರವವೇ. 1994ರಲ್ಲಿ ಅಂಡರ್‌ಟೇಕರ್ ಎದುರು ಇನ್ನೊಬ್ಬ ಅಂಡರ್‌ಟೇಕರನ್ನೇ ನಿಲ್ಲಿಸಿದರು. ಅವನಿಗೆ ಏಳು ಜೀವ, ಈಗಿರುವವನು ನಕಲಿ ಎಂದು ನಮ್ಮೂರ ಶಾಲೆಗಳಲ್ಲಿ ಟ್ರಂಪ್ ಕಾರ್ಡ್ ಪಣಕ್ಕಿಟ್ಟು ಹೊಡೆದಾಡಿದ ಒಂದು ಇಡೀ ತಲೆಮಾರು ಈಗ ಗೃಹಸಾಲದ ಕಂತು ಕಟ್ಟುತ್ತಿದೆ.

ಇದು ನಿಜವಾದ ಕುಸ್ತಿಯಲ್ಲ ಎಂದು ಕಂಪನಿ ಬಾಯಿಬಿಟ್ಟದ್ದಾದರೂ ಯಾವಾಗ? 1989ರಲ್ಲಿ, ನ್ಯೂಜೆರ್ಸಿಯ ಸೆನೆಟ್ ಮುಂದೆ. ಆತ್ಮಸಾಕ್ಷಿ ಚುಚ್ಚಿತೆಂದುಕೊಳ್ಳಬೇಡಿ. ಕ್ರೀಡೆ ಎಂದರೆ ಸರ್ಕಾರದ ಕ್ರೀಡಾ ಆಯೋಗದ ಕಾಟ, ಮೇಲೆ ತೆರಿಗೆ. ಮನರಂಜನೆ ಎಂದರೆ ಎರಡೂ ಇಲ್ಲ. ದುಡ್ಡು ಉಳಿಯುವುದಾದರೆ ಸತ್ಯ ಹೇಳಲು ಯಾರಿಗೆ ಬೇಜಾರು?

ಅಲ್ಲಿಂದ ಮುಂದೆ ಕತೆ ಕಟ್ಟುವ ಕೆಲಸವನ್ನು ಪಂಚಾಂಗಕ್ಕೆ ವಹಿಸಿದರು. ಹೆಲ್ ಇನ್ ಎ ಸೆಲ್ ಎಂಬ ಕಬ್ಬಿಣದ ಪಂಜರದ ಪಂದ್ಯ 1997ರಲ್ಲಿ ಶುರುವಾದಾಗ, ಬೇರೆ ಯಾವ ರೀತಿಯಲ್ಲೂ ತೀರದ ಹಗೆಗೆ ಅದು ಕೊನೆಯ ಮದ್ದು. 2009ರಿಂದ 2022ರವರೆಗೆ ಅದೇ ಹೆಸರಿನಲ್ಲಿ ವರ್ಷಕ್ಕೊಂದು ಕಾರ್ಯಕ್ರಮ. ಅಂದರೆ ಮೊದಲು ಮುಹೂರ್ತ, ಆಮೇಲೆ ದ್ವೇಷ. ಅಕ್ಟೋಬರ್ ಬಂತು, ಹಾಲ್ ಬುಕ್ ಆಗಿದೆ, ಯಾರಾದರೂ ಇಬ್ಬರು ಬೇಗ ಜಗಳ ಆಡ್ರಪ್ಪಾ!

ಇನ್ನು ಚಾಂಪಿಯನ್ನರ ಸಂಗತಿ. ಬ್ರೂನೊ ಸಮ್ಮಾರ್ಟಿನೊ 1963ರಿಂದ 1971ರವರೆಗೆ ಬೆಲ್ಟ್ ಹೊತ್ತು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿಸಿದರು. ರೋಮನ್ ರೇನ್ಸ್ ಕೂಡ 2020ರಿಂದ 2024ರವರೆಗೆ 1,316 ದಿನ ಚಾಂಪಿಯನ್. ವ್ಯತ್ಯಾಸ ಇಷ್ಟೇ: ಇವರು ಅಪರೂಪಕ್ಕೆ ಬರುತ್ತಿದ್ದರು. ಎರಡು ದೊಡ್ಡ ಬೆಲ್ಟ್‌ಗಳೂ ಇವರ ಹೆಗಲ ಮೇಲೆ, ಇವರೋ ಮನೆಯಲ್ಲಿ. ರಜೆಯ ಮೇಲಿರುವ ತಹಸೀಲ್ದಾರರ ಬೀರುವಿನಲ್ಲಿ ಸೀಲು ಸಿಕ್ಕಿಕೊಂಡಂತಾಯಿತು. ಕಂಪನಿ ಏನು ಮಾಡಬೇಕಿತ್ತು? ಕರೆದು ಕುಸ್ತಿ ಆಡಿಸಬೇಕಿತ್ತು. ಅದರ ಬದಲು 2023ರಲ್ಲಿ ಇನ್ನೊಂದು ಹೊಸ ಬೆಲ್ಟ್ ಮಾಡಿಸಿತು. 2024ರಲ್ಲಿ ರಿಂಗಿನ ನಟ್ಟನಡುವೆ ಪಾನೀಯದ ಜಾಹೀರಾತೂ ಬಂತು. ನೆಲಕ್ಕೆ ಕೆಡವಿದರೂ ಲೋಗೋ ಮುಚ್ಚದ ಹಾಗೆ ಕೆಡವುವುದು ಹೊಸ ಪಟ್ಟು ಇರಬೇಕು.

ಪ್ರೇಕ್ಷಕರೂ ಕೆಟ್ಟರು. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗನಿಗೆ, ‘ಏನಪ್ಪಾ, ನಿನ್ನ ಹೀರೋ ಸೋತನಂತೆ’ ಎಂದೆ. ಅಳುತ್ತಾನೆ ಎಂದುಕೊಂಡಿದ್ದೆ. ‘ಸೋತಿದ್ದಕ್ಕೆ ಬೇಜಾರಿಲ್ಲ ಅಂಕಲ್. ಕ್ಲೀನಾಗಿ ಸೋಲಿಸಬಾರದಿತ್ತು. ಆರು ತಿಂಗಳು ಗೆಲ್ಲಿಸಿ ಗೆಲ್ಲಿಸಿ ಮೇಲೆತ್ತಿದ ಪುಷ್ ವೇಸ್ಟು. ಬುಕಿಂಗೇ ಸರಿಯಿಲ್ಲ’ ಎಂದ. ಅವನಿಗೆ ಕುಸ್ತಿಪಟು ಆಗುವ ಆಸೆ ಇಲ್ಲ. ಅವನಿಗೆ ಆ ಕಂಪನಿಯ ಮ್ಯಾನೇಜರ್ ಆಗಬೇಕು.

ನಮ್ಮ ದೇಶದ ಮೇಲಿನ ಅವರ ಪ್ರೀತಿಯನ್ನು ಮರೆಯುವ ಹಾಗಿಲ್ಲ. 2017ರಲ್ಲಿ ಇಂಡಿಯಾದಲ್ಲಿ ಇಷ್ಟೊಂದು ಜನ ನೋಡುತ್ತಾರಲ್ಲ ಎಂದು ಅವರಿಗೆ ಹೊಳೆದಿರಬೇಕು. ಅಲ್ಲಿಯವರೆಗೆ ಸೋಲುವುದನ್ನೇ ಕಸುಬು ಮಾಡಿಕೊಂಡಿದ್ದ ಜಿಂದರ್ ಮಹಲ್ ಮೇ ತಿಂಗಳಲ್ಲಿ ರ್‍ಯಾಂಡಿ ಆರ್ಟನ್ನರನ್ನು ಕೆಡವಿ ಚಾಂಪಿಯನ್ ಆದರು. ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ. ಇರಲಿ, ತಲೆಗೆ ಪೇಟ, ಹೆಸರಿಗೆ ‘ಮಹಾರಾಜ’ ಎಂಬ ಬಿರುದು ಇತ್ತಲ್ಲ. ಡಿಸೆಂಬರಿನಲ್ಲಿ ದೆಹಲಿಯಲ್ಲಿ ಷೋ. ಮಹಾರಾಜ ಬೆಲ್ಟ್ ಹೊತ್ತು ರಾಜಧಾನಿಗೆ ಬರುತ್ತಾನೆ ಎಂದು ನೀವೂ ಲೆಕ್ಕ ಹಾಕಿರುತ್ತೀರಿ. ಕಂಪನಿ ಅದಕ್ಕೆ ಒಂದು ತಿಂಗಳ ಮುಂಚೆ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಬೆಲ್ಟ್ ಬಿಚ್ಚಿಸಿ ಎಜೆ ಸ್ಟೈಲ್ಸ್‌ಗೆ ಕೊಟ್ಟಿತು. ದೆಹಲಿಗೆ ಬರಿಗೈಯಲ್ಲಿ ಬಂದ ಮಹಾರಾಜನನ್ನು ಕಂಪನಿಯ ಅಧಿಕಾರಿಯೇ ಆದ ಟ್ರಿಪಲ್ ಎಚ್ ಖುದ್ದಾಗಿ ಸೋಲಿಸಿದರು. ಆಮೇಲೆ ಇಬ್ಬರೂ ಭಾಂಗ್ರಾ ಕುಣಿದರು. ಮಾರುಕಟ್ಟೆ ವಿಸ್ತರಣೆ ಎಂದರೆ ಹೀಗಿರಬೇಕು: ಆರು ತಿಂಗಳು ಮಾಲು ತಯಾರಿಸಿ, ಗಿರಾಕಿಯ ಮನೆ ಬಾಗಿಲಲ್ಲಿ ಒಡೆದು ಹಾಕುವುದು.

ಈ ಟ್ರಿಪಲ್ ಎಚ್ ಸಾಮಾನ್ಯರಲ್ಲ. 1996ರ ಮೇ ತಿಂಗಳಲ್ಲಿ, ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಕಂಪನಿ ಬಿಟ್ಟು ಹೋಗುತ್ತಿದ್ದ ಇಬ್ಬರು ಗೆಳೆಯರನ್ನು ಬೀಳ್ಕೊಡಲು ನಾಲ್ವರು ರಿಂಗಿನಲ್ಲಿ ತಬ್ಬಿಕೊಂಡರು. ಖಳರೂ ನಾಯಕರೂ ಒಟ್ಟಿಗೆ, ಜನರ ಎದುರೇ! ಇಬ್ಬರು ಹೋಗಿಯೇಬಿಟ್ಟರು. ಮೂರನೆಯವರು ಶಾನ್ ಮೈಕಲ್ಸ್, ಆಗಿನ ಚಾಂಪಿಯನ್, ಮುಟ್ಟುವ ಹಾಗಿಲ್ಲ. ಶಿಕ್ಷೆಯೆಲ್ಲ ಬಿದ್ದದ್ದು ಟ್ರಿಪಲ್ ಎಚ್ ತಲೆ ಮೇಲೆ. ಅವರಿಗೆ ಸಿಗಬೇಕಿದ್ದ ಕಿಂಗ್ ಆಫ್ ದಿ ರಿಂಗ್ ಪಟ್ಟ ಸ್ಟೀವ್ ಆಸ್ಟಿನ್ ಪಾಲಾಯಿತು. ಗುಟ್ಟು ಬಿಟ್ಟುಕೊಟ್ಟ ತಪ್ಪಿಗೆ ದಂಡ ತೆತ್ತ ಅದೇ ಟ್ರಿಪಲ್ ಎಚ್ ಮುಂದೆ ಮಾಲೀಕರ ಅಳಿಯನಾದರು, 2022ರಿಂದ ಇಡೀ ಬುಕಿಂಗಿನ ಯಜಮಾನರೂ ಆದರು. 2025ರ ಜುಲೈನಲ್ಲಿ, ಅವರ ಯಜಮಾನಿಕೆಯಲ್ಲೇ, ಬರಹಗಾರರ ಕೋಣೆಗೆ ಕ್ಯಾಮೆರಾ ಹೊಕ್ಕಿತು. ಯಾರು ಗೆಲ್ಲಬೇಕು, ಯಾರು ಅಳಬೇಕು ಎಂದು ಮೇಜಿನ ಸುತ್ತ ಕೂತು ತೀರ್ಮಾನಿಸುವುದೇ ನೆಟ್‌ಫ್ಲಿಕ್ಸ್‌ನಲ್ಲಿ ಸರಣಿಯಾಗಿ ಬಂತು. ಡಗ್ಗನ್ ಮತ್ತು ಶೇಕ್ ಈಗ ಸಿಕ್ಕಿಬಿದ್ದಿದ್ದರೆ ಆ ಕಾರಿನೊಳಗೂ ಎರಡು ಕ್ಯಾಮೆರಾ ಇರುತ್ತಿದ್ದವು.

ಪಕ್ಕದ ಮನೆಯ ಹುಡುಗ ಅಷ್ಟೂ ಕಂತು ನೋಡಿ ಮುಗಿಸಿದ್ದಾನೆ. ‘ಈಗಲಾದರೂ ಎಲ್ಲ ಸತ್ಯ ಗೊತ್ತಾಯಿತಲ್ಲಪ್ಪ’ ಎಂದೆ.

‘ಅಯ್ಯೋ ಅಂಕಲ್, ನೀವಿನ್ನೂ ಅಲ್ಲೇ ಇದೀರಾ? ಆ ರೂಮಿನ ಸೀನೇ ಸ್ಕ್ರಿಪ್ಟು. ಅದನ್ನ ಬರೆಯೋರ ರೂಮು ಬೇರೆ ಇರುತ್ತೆ.’