ಹಸುಗಳು ಅಷ್ಟೇ ಇವೆ, ಕೊಟ್ಟಿಗೆಗಳು ಖಾಲಿಯಾದವು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಾರುಗಳ ನಂಬರ್ ಪ್ಲೇಟಿನಲ್ಲಿ ‘ಅಮೆರಿಕದ ಹಾಲಿನ ನಾಡು’ ಎಂಬ ಅರ್ಥದ ಸಾಲು ಇರುತ್ತದೆ. 1940ರಿಂದಲೂ ಇದೆ. ಆ ಹಾಲಿನ ನಾಡಿನಲ್ಲಿ 2004ರ ಹೊತ್ತಿಗೆ 16 ಸಾವಿರದ ಹತ್ತಿರ ಹಾಲಿನ ಫಾರ್ಮುಗಳಿದ್ದವು. ಈಗ 6 ಸಾವಿರವೂ ಇಲ್ಲ. 2019ರ ಒಂದೇ ವರ್ಷದಲ್ಲಿ 800ಕ್ಕೂ ಜಾಸ್ತಿ ಮನೆಯವರು ಹಾಲು ಕರೆಯುವುದನ್ನು ಬಿಟ್ಟರು.

ಹಾಗಾದರೆ ಹಸು ಕಡಿಮೆಯಾದವಾ? ಇಲ್ಲ. ಅವತ್ತೂ ಹನ್ನೆರಡು ಲಕ್ಷ ಚಿಲ್ಲರೆ, ಇವತ್ತೂ ಅಷ್ಟೇ. ವರ್ಷಕ್ಕೆ ಕರೆಯುವ ಹಾಲಂತೂ 2,200 ಕೋಟಿ ಪೌಂಡಿನಿಂದ (ಒಂದು ಪೌಂಡು ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ) 3,200 ಕೋಟಿ ಪೌಂಡಿಗೆ ಏರಿದೆ. ಐವತ್ತು ಅರವತ್ತು ಹಸು ಕಟ್ಟಿಕೊಂಡಿದ್ದ ಮನೆಗಳು ಹೋದವು. ಸಾವಿರಾರು ಹಸುಗಳ ದೊಡ್ಡ ದೊಡ್ಡ ಶೆಡ್ಡುಗಳು ಬಂದವು. ಅಲ್ಲಿ ಹಾಲು ಕರೆಯುವವರು ಬಹುಪಾಲು ಮೆಕ್ಸಿಕೋ, ಮಧ್ಯ ಅಮೆರಿಕದಿಂದ ಬಂದ ಕೂಲಿಯವರು.

ನಾನು ಮಂಡ್ಯ ಕಡೆಯವನು. ಬೆಳಗ್ಗೆ, ಸಂಜೆ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕುವ ಮನೆಯಲ್ಲೇ ಬೆಳೆದವನು. ಈಗಿರುವುದು ಅಮೆರಿಕದಲ್ಲಿ. ಊರಿನಿಂದ ಬಂದವರನ್ನು ಇಲ್ಲಿನ ಫಾರ್ಮುಗಳಿಗೆ ಕರೆದುಕೊಂಡು ಹೋದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ‘ನೋಡಪ್ಪಾ, ವ್ಯವಸಾಯ ಅಂದ್ರೆ ಹಿಂಗಿರಬೇಕು. ನಾವಿನ್ನೂ ಎರಡು ಸೀಮೆ ಹಸು ಇಟ್ಕೊಂಡು ಒದ್ದಾಡ್ತಾ ಇದ್ದೀವಿ.’ ಆ ಮಾತು ನನಗೆ ಒಪ್ಪಿಗೆಯಿಲ್ಲ. ಎರಡು ಹಸುವಿನ ಮನೆ ನಮ್ಮಲ್ಲಿ ಇನ್ನೂ ಉಳಿದಿದ್ದರೆ ಅದು ಹಿಂದುಳಿದಿರುವುದಕ್ಕಲ್ಲ. ಅದು ಉಳಿಯಲಿ ಎಂದೇ ಯಾರೋ ಕೂತು ಒಂದು ಏರ್ಪಾಡು ಮಾಡಿದರು. ಇಲ್ಲಿ ಅಂಥ ಏರ್ಪಾಡು ಒಂದೊಂದಾಗಿ ಸಡಿಲವಾಯಿತು.

ಇಲ್ಲಿನ ಸಣ್ಣ ರೈತನ ಲೆಕ್ಕ ಕೇಳಿ. ವಿಸ್ಕಾನ್ಸಿನ್ನಿನ ಹಾಲಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಚೀಸ್ ಆಗುತ್ತದೆ. ಚೀಸಿನ ರೇಟು ಷಿಕಾಗೋದ ಪೇಟೆಯಲ್ಲಿ ಆಡುತ್ತದೆ. ಅದನ್ನು ಹಿಡಿದು ಸರ್ಕಾರದ ಸೂತ್ರದಂತೆ ಹಾಲಿನ ರೇಟು ಲೆಕ್ಕವಾಗುತ್ತದೆ. ಕೊಟ್ಟ ಹಾಲಿಗೆ ಎಷ್ಟು ಸಿಕ್ಕಿತು ಎಂದು ರೈತನಿಗೆ ತಿಳಿಯುವುದು ಆ ತಿಂಗಳು ಮುಗಿದ ಮೇಲೆ. 2014ರಲ್ಲಿ ನೂರು ಪೌಂಡಿಗೆ, ಅಂದರೆ ಸುಮಾರು 45 ಕಿಲೋ ಹಾಲಿಗೆ, 24 ಡಾಲರ್ ಇತ್ತು. 2018ಕ್ಕೆ ಅದು 16 ಡಾಲರಿನ ಆಸುಪಾಸಿಗೆ ಬಿತ್ತು. ಬ್ಯಾಂಕಿನ ಕಂತು ಅದರ ಜೊತೆ ಇಳಿಯಲಿಲ್ಲ.

ರೇಟು ಬಿದ್ದಾಗ ಏನು ಮಾಡಬೇಕು? ಕಂತು ಕಟ್ಟಬೇಕು, ಅದಕ್ಕೆ ಇನ್ನಷ್ಟು ಹಾಲು ಕರೆಯಬೇಕು. ಎಲ್ಲರೂ ಹಾಗೇ ಮಾಡಿದಾಗ ಹಾಲು ಇನ್ನೂ ಜಾಸ್ತಿಯಾಗಿ ರೇಟು ಇನ್ನೂ ಬೀಳುತ್ತದೆ. ದೊಡ್ಡವನು ತಡೆದುಕೊಳ್ಳುತ್ತಾನೆ. ಟ್ಯಾಂಕರ್ ಅವನ ಶೆಡ್ಡಿನಲ್ಲೇ ಭರ್ತಿಯಾಗುತ್ತದೆ, ಜಾಸ್ತಿ ಹಾಲಿಗೆ ಎಂದು ಎಷ್ಟೋ ಕಡೆ ಅವನಿಗೆ ಮೇಲೆ ಒಂದಿಷ್ಟು ದುಡ್ಡೂ ಸಿಗುತ್ತದೆ. ಸಣ್ಣವನ ಮನೆ ಮುಂದೆ ಅದೇ ಟ್ಯಾಂಕರ್ ನಿಂತರೆ ಸಾಗಣೆ ಖರ್ಚು ಅವನ ಚೆಕ್ಕಿನಲ್ಲೇ ಮುರಿದುಕೊಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ಹೆಂಡತಿ ಹೊರಗೆ, ಸ್ಕೂಲಿನಲ್ಲೋ ಆಸ್ಪತ್ರೆಯಲ್ಲೋ, ಕೆಲಸಕ್ಕೆ ಹೋಗುತ್ತಾಳೆ. ಸಂಬಳಕ್ಕಿಂತ ಮುಖ್ಯವಾಗಿ ಆರೋಗ್ಯ ವಿಮೆಗಾಗಿ. ಅಂದರೆ ಫಾರ್ಮು ಮನೆಯನ್ನು ಸಾಕುತ್ತಿಲ್ಲ, ಹೊರಗಿನ ನೌಕರಿ ಫಾರ್ಮನ್ನು ಸಾಕುತ್ತಿದೆ.

2017ರ ಏಪ್ರಿಲ್‌ನಲ್ಲಿ ಇಲ್ಲಿನ ಒಂದು ಹಾಲಿನ ಕಂಪನಿ ಸುಮಾರು 75 ಫಾರ್ಮುಗಳಿಗೆ ಪತ್ರ ಬರೆಯಿತು. ಮೇ 1ರಿಂದ ನಿಮ್ಮ ಹಾಲು ಬೇಡ ಎಂದು. ಕೆನಡಾದಲ್ಲಿ ನಿಯಮ ಬದಲಾಗಿ ಕಂಪನಿಗೆ ಅಲ್ಲಿನ ಗಿರಾಕಿ ತಪ್ಪಿದ್ದರು, ಅಷ್ಟೇ ಕಾರಣ. ಕರೆಯುವ ಹಸುವಿಗೆ ಒಂದು ತಿಂಗಳು ತಡೆದುಕೋ ಎಂದು ಹೇಳಲಾಗುತ್ತದಾ? 2019ರಲ್ಲಿ ಮ್ಯಾಡಿಸನ್ ನಗರದ ಹೈನುಗಾರರ ಮೇಳಕ್ಕೆ ಬಂದಿದ್ದ ಕೃಷಿ ಮಂತ್ರಿ ಸನ್ನಿ ಪರ್ಡ್ಯೂ, ಅಮೆರಿಕದಲ್ಲಿ ದೊಡ್ಡವರು ಇನ್ನೂ ದೊಡ್ಡವರಾಗುತ್ತಾರೆ, ಸಣ್ಣವರು ಹೊರಗೆ ಹೋಗುತ್ತಾರೆ ಎಂದು ನೇರವಾಗಿಯೇ ಹೇಳಿದರು. ಮಳೆ ಬೆಳೆಯ ವಿಚಾರದಂತೆ ಇದನ್ನು ಹೇಳುವುದು ನನಗೆ ಸರಿ ಕಾಣಲಿಲ್ಲ. ಹಾಲಿನ ರೇಟಿನ ಸೂತ್ರ ಬರೆದವರು ಮನುಷ್ಯರೇ, ಅಲ್ವಾ?

ಫಾರ್ಮು ಮುಚ್ಚುವ ದಿನ ಹರಾಜು ನಡೆಯುತ್ತದೆ. ಹಸು, ಟ್ರ್ಯಾಕ್ಟರ್, ಹಾಲು ಕರೆಯುವ ಮಿಷನ್ನು ಎಲ್ಲವನ್ನೂ ಕೂಗುತ್ತಾರೆ. ಅಕ್ಕಪಕ್ಕದವರೇ ಬಂದು ಕೊಳ್ಳುತ್ತಾರೆ. ನಾಳೆ ತಮ್ಮ ಸರದಿ ಬರಬಹುದು ಎಂದು ಅವರಿಗೂ ಗೊತ್ತು. ಆಮೇಲೆ ಮೇವಿನ ಅಂಗಡಿ ಮುಚ್ಚುತ್ತದೆ, ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ.

ನಮ್ಮಲ್ಲಿ ಸಹಕಾರ ಸಂಘವಿದೆ, ಇವರಿಗೆ ಇಲ್ಲ, ಅದಕ್ಕೇ ಹೀಗಾಯಿತು ಎಂದು ಯಾರಾದರೂ ಅಂದುಕೊಳ್ಳಬಹುದು. ಹಾಗಲ್ಲ. ಇಲ್ಲಿಯೂ ಸಹಕಾರ ಸಂಘಗಳಿವೆ, ನಮಗಿಂತ ಹಳೆಯವು. ಆದರೆ ಅವು ಒಂದರೊಳಗೊಂದು ಸೇರಿ ದೇಶದುದ್ದ ಬೆಳೆದವು. 1998ರಲ್ಲಿ ನಾಲ್ಕು ಸಂಘಗಳು ಕೂಡಿ ಆದ ಒಂದು ಸಂಸ್ಥೆ, 2020ರಲ್ಲಿ ದಿವಾಳಿಯಾದ ದೊಡ್ಡ ಕಂಪನಿಯೊಂದರ ನಲವತ್ತಕ್ಕೂ ಹೆಚ್ಚು ಕಾರ್ಖಾನೆಗಳನ್ನು ಕೊಂಡಿತು. ಹಾಲು ಮಾರುವ ರೈತನ ಸಂಘವೇ ಹಾಲು ಕೊಳ್ಳುವ ಕಾರ್ಖಾನೆಯೂ ಆದಾಗ ಯಾರ ಕಡೆ ವಾಲುತ್ತದೆ? ಅದೇ ವಿಸ್ಕಾನ್ಸಿನ್ನಿನಲ್ಲಿ 1988ರಲ್ಲಿ ಶುರುವಾದ, ಲಾಫಾರ್ಜ್ ಎಂಬ ಪುಟ್ಟ ಊರಿನ ಸಾವಯವ ರೈತರ ಸಂಘ ಸಣ್ಣ ಫಾರ್ಮುಗಳನ್ನೇ ನೆಚ್ಚಿಕೊಂಡು ಬದುಕಿದೆ. ಹಾಗಾಗಿ ಸಹಕಾರ ಎಂಬ ಬೋರ್ಡು ನೋಡಿ ಏನೂ ಹೇಳಲಾಗದು.

ನಮ್ಮ ಡೇರಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಒಂದು ಸಂಗತಿ. ಎರಡು ಲೀಟರ್ ತಂದವರೂ ಇಪ್ಪತ್ತು ಲೀಟರ್ ತಂದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಫ್ಯಾಟು (ಹಾಲಿನ ಕೊಬ್ಬು), ಡಿಗ್ರಿ (ಹಾಲಿನ ಗಟ್ಟಿತನ) ನೋಡಿ ರೇಟು ಕಟ್ಟುತ್ತಾರೆ. ಲೀಟರಿನ ಲೆಕ್ಕ ಬೇರೆ, ಆದರೆ ಸಂಘದಲ್ಲಿ ಓಟು ಒಂದೇ. ಇಂತಿಷ್ಟು ಬರುತ್ತದೆ ಎಂದು ಗೊತ್ತಿರುವ ಬಟವಾಡೆ ದುಡ್ಡಿನಲ್ಲೇ ಎಷ್ಟೋ ಹೆಂಗಸರು ಮಕ್ಕಳ ಫೀಸು ಕಟ್ಟಿದ್ದಾರೆ. ಕಬ್ಬಿನ ದುಡ್ಡು ಕಾರ್ಖಾನೆಯಿಂದ ಯಾವಾಗ ಬರುತ್ತದೋ ಎಂದು ಕಾಯುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾಗಿ, 1984ರಲ್ಲಿ ಹಾಲು ಮಹಾಮಂಡಳವಾದ ಈ ಏರ್ಪಾಡು 2024ರಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಹಾಲು ಸೇರಿಸುವ ಮಟ್ಟ ಮುಟ್ಟಿತು. ದೈತ್ಯ ಶೆಡ್ಡುಗಳಿಲ್ಲದೆ, ಹಟ್ಟಿ ಕೊಟ್ಟಿಗೆಗಳಿಂದಲೇ.

ಊರಿನಲ್ಲಿ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಬೂಸಾ, ಹಿಂಡಿಯ ರೇಟು ಏರುವಷ್ಟು ಹಾಲಿನ ರೇಟು ಏರುವುದಿಲ್ಲ. ಹಾಲು ಜಾಸ್ತಿ ಬರುವ ಕಾಲದಲ್ಲಿ ಒಕ್ಕೂಟಗಳು ರೇಟು ಇಳಿಸುತ್ತವೆ. ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 5 ರೂಪಾಯಿಗೆ ಬಂದಿದೆ, ಆದರೆ ತಿಂಗಳುಗಟ್ಟಲೆ ಬಾಕಿ ಉಳಿದರೆ ಅದನ್ನು ನಂಬಿ ಸಾಲ ಮಾಡಿದವರ ಗತಿ ಏನು? ಕರ್ನಾಟಕದ ಸರಾಸರಿ ಹಿಡುವಳಿ 2015-16ರ ಗಣತಿಯಲ್ಲೇ 1.36 ಹೆಕ್ಟೇರಿಗೆ ಇಳಿದಿತ್ತು. 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿ, ರೈತರಲ್ಲದವರೂ ಜಮೀನು ಕೊಳ್ಳುವಂತೆ ಮಾಡಿದರು. ಹುಲ್ಲು ಬೆಳೆಯುವ ಒಂದೆಕರೆ ಕೈಬಿಟ್ಟರೆ ಹಸುವೂ ಹೋಗುತ್ತದೆ. ಈ ಕೊನೆಯ ವಿಷಯ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ.

ಇದರ ನಡುವೆ ಅಮೆರಿಕದ ಹಾಲಿನ ಪದಾರ್ಥಗಳಿಗೆ ಭಾರತ ಬಾಗಿಲು ತೆರೆಯಲಿ ಎಂಬ ಒತ್ತಾಯ ವ್ಯಾಪಾರ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಬಂದರೆ ಬರಲಿ, ಅಗ್ಗವಾಗುತ್ತದೆ ಎನ್ನುವ ಗೆಳೆಯರು ನಮ್ಮ ಕನ್ನಡಿಗರಲ್ಲೂ ಇದ್ದಾರೆ. ಅವರಿಗೆ ನಾನು ಹೇಳುವುದು ಇದು. ಅಲ್ಲಿಗೆ ಹೋಗುವುದು ಇಲ್ಲಿನ ದೊಡ್ಡ ಕಾರ್ಖಾನೆಗಳ ಹಾಲಿನ ಪುಡಿ. ಅರವತ್ತು ಹಸುವಿನ ವಿಸ್ಕಾನ್ಸಿನ್ ರೈತನ ಕಷ್ಟ ಅದರಿಂದ ತೀರುವುದಿಲ್ಲ. ಮದ್ದೂರಿನಲ್ಲಿ ಎರಡು ಲೀಟರ್ ಹಾಕುವ ಹೆಂಗಸಿನ ರೇಟು ಮಾತ್ರ ಇಳಿಯುತ್ತದೆ. 2019ರ ನವೆಂಬರಿನಲ್ಲಿ ಭಾರತ ಆರ್‌ಸೆಪ್ ಎಂಬ, ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಿಂದ ಹೊರಬಂದಿದ್ದಕ್ಕೆ ನ್ಯೂಜಿಲೆಂಡಿನ ಹಾಲಿನ ಪುಡಿಯ ಭಯವೂ ಒಂದು ಕಾರಣವಾಗಿತ್ತು. ಅಮೆರಿಕದ ವಿಚಾರದಲ್ಲೂ ಅಷ್ಟೇ ಗಟ್ಟಿಯಾಗಿ ನಿಲ್ಲಬೇಕು. ಜೊತೆಗೆ, ಬಾಕಿ ಇರುವ ಪ್ರೋತ್ಸಾಹಧನವನ್ನು ಬಟವಾಡೆಯ ದಿನವೇ ಆ ಹೆಂಗಸಿನ ಖಾತೆಗೆ ಹಾಕಬೇಕು.