ಮೊದಲನೆಯದೆಲ್ಲ ಮಲ್ಪೆಯಲ್ಲೇ

ನಮ್ಮಲ್ಲಿ ಒಂದು ಊರು ಉದ್ಧಾರವಾಗಬೇಕಾದರೆ ಅದಕ್ಕೊಂದು ‘ಮೊದಲ’ ಬೇಕು. ಸುಮ್ನೆ ಚೆನ್ನಾಗಿದ್ದರೆ ಸಾಲದು. ದೇಶದಲ್ಲೇ ಮೊದಲು, ಅದಿಲ್ಲದಿದ್ದರೆ ರಾಜ್ಯದಲ್ಲೇ ಮೊದಲು ಅಂತ ಬ್ಯಾನರ್ ಕಟ್ಟಬೇಕು. ಹತ್ತಾರು ಕೈ ಸೇರಿ ಒಂದೇ ರಿಬ್ಬನ್ ಕತ್ತರಿಸಬೇಕು. ಈ ವಿಷಯದಲ್ಲಿ ಉಡುಪಿಯ ಮಲ್ಪೆಯಷ್ಟು ಪುಣ್ಯ ಮಾಡಿದ ಊರು ಕರಾವಳಿಯಲ್ಲಿ ಇನ್ನೊಂದಿಲ್ಲ.

2016ರಲ್ಲಿ ಮಲ್ಪೆ ದೇಶದ ಮೊದಲ ವೈಫೈ ಬೀಚ್ ಆಯಿತು. ಎದುರಿಗೆ ಇಡೀ ಅರಬ್ಬಿ ಸಮುದ್ರ. ಬಂದವರು ಅದಕ್ಕೆ ಬೆನ್ನು ತಿರುಗಿಸಿ, ಫೋನ್ ಮೇಲೆತ್ತಿ ಸಿಗ್ನಲ್ ಹುಡುಕುವ ಸೌಲಭ್ಯ. ಸೂರ್ಯ ಹಿಂದುಗಡೆ ಮುಳುಗುತ್ತಿರುವಾಗಲೇ, ಅದೇ ಸೂರ್ಯ ಮುಳುಗುವ ವಿಡಿಯೊವನ್ನು ಪುಕ್ಕಟೆಯಾಗಿ ನೋಡಬಹುದು. ಇಷ್ಟು ದಿನ ಮಲ್ಪೆಗೆ ಇದ್ದ ಕೊರತೆ ಅದೊಂದೇ ಅಲ್ವಾ!

ಆದರೆ ನಿಜವಾದ ಸಾಧನೆ ಆಗಿದ್ದು 2022ರ ಮೇ ತಿಂಗಳಲ್ಲಿ. ತೇಲುವ ಸೇತುವೆ ಬಂತು. ಇದೂ ರಾಜ್ಯದಲ್ಲೇ ಮೊದಲು. ಸೇತುವೆ ಅಂದ ಮೇಲೆ ಆಚೆ ದಡ ಇರಬೇಕು ಅಂತ ನೀವು ಅಂದುಕೊಂಡಿದ್ದರೆ ಅದು ಹಳೇ ಕಾಲದ ಲೆಕ್ಕ. ಇದು ದಡದಿಂದ ಹೊರಟು ಸುಮಾರು ನೂರು ಮೀಟರ್ ಹೋಗಿ ಸಮುದ್ರದಲ್ಲೇ ನಿಂತುಬಿಡುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡು ತುದಿಯವರೆಗೆ ಹೋಗಬೇಕು, ಸೆಲ್ಫಿ ತೆಗೆಯಬೇಕು, ಬಂದ ದಾರಿಯಲ್ಲೇ ವಾಪಸ್ ಬರಬೇಕು. ಎಲ್ಲಿಗೂ ಕರೆದುಕೊಂಡು ಹೋಗದ ಸೇತುವೆಗೆ ಟಿಕೆಟ್ ಬೇರೆ. ಸರ್ಕಾರದ ಎಷ್ಟೋ ಯೋಜನೆಗಳು ಹೀಗೇ ಇವೆ ನಿಜ, ಆದರೆ ಅವುಗಳ ಮೇಲೆ ನಡೆಯೋಕೆ ಯಾರೂ ದುಡ್ಡು ಕೇಳುವುದಿಲ್ಲ.

ಮುಹೂರ್ತ ನೋಡಿದವರನ್ನಂತೂ ಸನ್ಮಾನ ಮಾಡಬೇಕು. ಮೇ ತಿಂಗಳೆಂದರೆ ಕರಾವಳಿಯಲ್ಲಿ ಬೋಟಿನವರು ಇನ್ನೇನು ಸೀಸನ್ ಮುಗಿಯಿತು ಅಂತ ಬಲೆ ಸುತ್ತಿಡುವ ಯೋಚನೆಯಲ್ಲಿ ಇರುವ ಹೊತ್ತು. ಸಮುದ್ರದಲ್ಲೇ ಹುಟ್ಟಿ ಬೆಳೆದವರು ದೋಣಿ ಮೇಲೆ ಎಳೆಯುವ ಕಾಲಕ್ಕೆ ಇವರು ಸೇತುವೆ ಕೆಳಗೆ ಇಳಿಸಿದರು. ಅತ್ತ ಬಂಗಾಳ ಕೊಲ್ಲಿಯಲ್ಲಿ ಅಸಾನಿ ಚಂಡಮಾರುತ ಎದ್ದಿತ್ತು, ಇತ್ತ ಮಲ್ಪೆಯ ಅಲೆಗಳೂ ಜೋರಾದವು. ಉದ್ಘಾಟನೆಯಾಗಿ ಮೂರ್ನಾಲ್ಕು ದಿನ ಆಗಿರಲಿಲ್ಲ, ಸೇತುವೆಯ ಬ್ಲಾಕುಗಳು ಬಿಡಿಬಿಡಿಯಾಗಿ ಅಲೆಯ ಮೇಲೆ ಹೊರಟವು. ಜನ ಸುಮ್ನೆ ಆಡಿಕೊಂಡರು. ತೇಲುವ ಸೇತುವೆ ಅಂದಿದ್ದರು, ತೇಲಿತು. ಮಾತಿಗೆ ತಪ್ಪಲಿಲ್ಲವಲ್ಲ!

ಅಲ್ಲಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿ ಕರಿಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಐದು ಮೂಲೆ, ಆರು ಮೂಲೆ, ಉಳಿ ಹಿಡಿದು ಕೆತ್ತಿದ ಹಾಗೆ. ಮಡಗಾಸ್ಕರ್ ನಮ್ಮಿಂದ ಬೇರೆಯಾಗಿ ಪಾಲು ತೆಗೆದುಕೊಂಡು ಹೋದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಸೀಳಿ ಆದ ಕಂಬಗಳಿವು. ವಯಸ್ಸು ಸುಮಾರು 8.8 ಕೋಟಿ ವರ್ಷ. ಇಷ್ಟು ಮಳೆಗಾಲ ಕಂಡರೂ ಜಾಗ ಬಿಟ್ಟು ಕದಲಿಲ್ಲ. ಕಾರಣ ಸರಳ. ಇವುಗಳ ಉದ್ಘಾಟನೆ ಆಗಿಲ್ಲ.

ದ್ವೀಪಕ್ಕೆ ಹೆಸರು ಬಂದದ್ದು 1498ರಲ್ಲಿ, ವಾಸ್ಕೋ ಡ ಗಾಮನಿಂದ ಎನ್ನುತ್ತಾರೆ. ಸಮುದ್ರದ ದಾರಿ ಮೊದಲು ಕಂಡುಹಿಡಿದವನು ಅಂತ ಶಾಲೆಯಲ್ಲಿ ಉರು ಹೊಡೆದಿದ್ದೇವಲ್ಲ, ಅವನೇ. ಅಲ್ಲೂ ನೋಡಿ, ‘ಮೊದಲ’. ಅವನಿಗಿಂತ ಇನ್ನೂರು ವರ್ಷಕ್ಕೂ ಮುಂಚೆ ದ್ವಾರಕೆಯಿಂದ ಹೊರಟ ಹಡಗು ಇದೇ ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು, ಮಧ್ವಾಚಾರ್ಯರು ದಡದಿಂದ ವಸ್ತ್ರ ಬೀಸಿ ಅದನ್ನು ಪಾರು ಮಾಡಿದರು, ಕಾಣಿಕೆಯಾಗಿ ಪಡೆದ ಗೋಪಿಚಂದನದ ಗಡ್ಡೆಯಲ್ಲಿ ಕೃಷ್ಣನ ವಿಗ್ರಹ ಸಿಕ್ಕಿತು ಎಂಬುದು ಉಡುಪಿಯ ಮನೆಮನೆಯ ಕಥೆ. ಕೃಷ್ಣ ಉಡುಪಿಗೆ ಹೋದ. ಅಣ್ಣ ಬಲರಾಮ ಮಲ್ಪೆಯ ವಡಭಾಂಡೇಶ್ವರ ದೇವಸ್ಥಾನದಲ್ಲಿ ಸಮುದ್ರದ ಪಕ್ಕವೇ ಉಳಿದ. ಈಗ ಭಾನುವಾರ ಬಂದರೆ ಬಲರಾಮನ ದರ್ಶನ ಕೇಳುವವರಿಗಿಂತ ‘ದೇವಸ್ಥಾನದ ಹತ್ತಿರ ಪಾರ್ಕಿಂಗ್ ಸಿಗುತ್ತಾ’ ಅಂತ ಕೇಳುವವರೇ ಜಾಸ್ತಿ.

ಈ ಊರು ನಿಜವಾಗಿ ಹೊಟ್ಟೆ ಹೊರೆಯುವ ಜಾಗ ಒಂದಿದೆ, ಬಂದರು. ಯಾವ ಬ್ಯಾನರಿನಲ್ಲೂ ಅದರ ಫೋಟೊ ಇಲ್ಲ. ಬೆಳಗ್ಗೆ ಬೋಟುಗಳು ಬಂದು ನಿಲ್ಲುತ್ತವೆ, ಬಂಗುಡೆ ಬೂತಾಯಿ ಬುಟ್ಟಿಬುಟ್ಟಿಯಾಗಿ ಇಳಿಯುತ್ತವೆ, ಐಸ್ ಪುಡಿ ಹಾರುತ್ತದೆ, ಏಲಂ ಕೂಗುವವನ ಬಾಯಿಗೆ ಹೆಂಗಸರು ಅಲ್ಲೇ ಲೆಕ್ಕ ಹಾಕಿ ಉತ್ತರ ಕೊಡುತ್ತಾರೆ. ದಾರಿ ತಪ್ಪಿ ಇಲ್ಲಿಗೆ ಬಂದ ಪ್ರವಾಸಿ ಕಾರಿನ ಗಾಜು ಏರಿಸಿ, ಮೂಗು ಮುಚ್ಚಿ, ‘ಅಯ್ಯೋ ಏನು ವಾಸನೆ’ ಅನ್ನುತ್ತಾನೆ. ಮಧ್ಯಾಹ್ನ ಅದೇ ಮಹಾನುಭಾವ ಹೋಟೆಲಿನಲ್ಲಿ ಅಂಜಲ್ ತವಾ ಫ್ರೈ ಎದುರು ಕೂತು, ಬಡಿಸುವವನ ಮುಖವನ್ನೇ ಅನುಮಾನದಿಂದ ನೋಡುತ್ತಾ ಕೇಳುತ್ತಾನೆ: ‘ಫ್ರೆಶ್ ಇದೆಯೇನಪ್ಪಾ?’

ಮಳೆಗಾಲ ಬಂತೆಂದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಸಮುದ್ರವನ್ನೇ ನಂಬಿದವರು ಅದಕ್ಕೆ ಹೆದರಿ ದಡದಲ್ಲಿ ಕೂರುತ್ತಾರೆ. ಈಜು ಬಾರದವರು ವಾರಾಂತ್ಯಕ್ಕೆ ರೂಮ್ ಬುಕ್ ಮಾಡಿ ಬರುತ್ತಾರೆ. ಇವರನ್ನು ತಡೆಯಲು ಬೀಚಿನ ಉದ್ದಕ್ಕೂ ಬಲೆ ಕಟ್ಟುತ್ತಾರೆ. ಮೀನಿಗೆ ರಜೆ ಅಂತ ಬಲೆಯನ್ನು ಮನುಷ್ಯರಿಗೆ ಬಳಸುವುದು ಬಹುಶಃ ಇಲ್ಲೇ ಇರಬೇಕು. ಇದಕ್ಕೂ ಒಂದು ಬ್ಯಾನರ್ ಕಟ್ಟಬಹುದಿತ್ತು, ಯಾಕೋ ಯಾರಿಗೂ ಹೊಳೆದಿಲ್ಲ.

ಬಲೆಯ ಆಚೆ ಆಳೆತ್ತರದ ಅಲೆ. ಈಚೆ ಬೆಂಗಳೂರಿನ ಕುಟುಂಬ, ಕೈಯಲ್ಲಿ ಚುರುಮುರಿ ಪೊಟ್ಟಣ. ಯಜಮಾನರು ಜೀವರಕ್ಷಕನ ಹತ್ತಿರ ವಾದಕ್ಕೆ ನಿಂತಿದ್ದಾರೆ.

‘ನಾನೂರು ಕಿಲೋಮೀಟರ್ ಡ್ರೈವ್ ಮಾಡಿಕೊಂಡು ಬಂದಿದ್ದೀವಿ ರೀ. ಸಮುದ್ರ ಎಷ್ಟು ಗಂಟೆಗೆ ಓಪನ್ ಆಗುತ್ತೆ?’

ಅವನು ಪೀಪಿ ಬಾಯಿಂದ ತೆಗೆದು ಹೇಳಿದ:

‘ಸೆಪ್ಟೆಂಬರ್‌ನಲ್ಲಿ ಬನ್ನಿ ಮಾರಾಯ್ರೆ.’